ಗೋಪಾಲಕೃಷ್ಣ ಗೋಖಲೆ: ಪ್ರಶ್ನೆ ಕೇಳಲು ಕಲಿತ ಶಿಕ್ಷಕ

ಪ್ರೌಢಶಾಲೆಯ ಇತಿಹಾಸ ಪಾಠದಲ್ಲಿ ಗೋಪಾಲಕೃಷ್ಣ ಗೋಖಲೆಯವರ ಹೆಸರು ಮಂದಗಾಮಿಗಳು ಎಂಬ ಶೀರ್ಷಿಕೆಯ ಕೆಳಗೆ ಬರುತ್ತದೆ. ಬೋಧನಾಭ್ಯಾಸದ ಅವಧಿಯಲ್ಲಿ ಈ ಭಾಗ ಹೆಚ್ಚಾಗಿ ಐದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಮನವಿ ಸಲ್ಲಿಸಿದರು, ಪ್ರಾರ್ಥಿಸಿದರು, ಹೆಚ್ಚಿನ ಫಲ ಸಿಗಲಿಲ್ಲ ಎಂದು ಹೇಳಿ ಪ್ರಶಿಕ್ಷಣಾರ್ಥಿಯು ತೀವ್ರಗಾಮಿಗಳ ಕಡೆಗೆ ನಡೆಯುತ್ತಾನೆ. ಆದರೆ ಶಿಕ್ಷಕರಾಗುವವರು ಸ್ವಲ್ಪ ಹೊತ್ತು ನಿಂತು ನೋಡಬೇಕಾದ ಜೀವನ ಇದು. ಗೋಖಲೆಯವರು ಮೊದಲು ಸುಮಾರು ಹದಿನೆಂಟು ವರ್ಷ ತರಗತಿಯಲ್ಲಿ ಪಾಠ ಹೇಳಿದರು. ಆಮೇಲೆ ಕೊನೆಯುಸಿರಿನವರೆಗೆ ಶಾಸನಸಭೆಯಲ್ಲಿ ಕುಳಿತು, ಸರ್ಕಾರವು ಜನರ ಹಣವನ್ನು ಯಾವುದಕ್ಕೆ ಖರ್ಚು ಮಾಡಿತು, ಏಕೆ ಮಾಡಿತು ಎಂದು ಲೆಕ್ಕ ಕೇಳಿದರು.

ಅವರು ಹುಟ್ಟಿದ್ದು 1866ರ ಮೇ 9ರಂದು, ರತ್ನಾಗಿರಿ ಜಿಲ್ಲೆಯ ಕೋತಳೂಕ ಎಂಬ ಹಳ್ಳಿಯಲ್ಲಿ. ತಂದೆ ಕೃಷ್ಣರಾಯರು ಕೊಲ್ಹಾಪುರ ಸೀಮೆಯ ಕಾಗಲ್‌ನಲ್ಲಿ ಸಣ್ಣ ನೌಕರಿಯಲ್ಲಿದ್ದರು. ನಮ್ಮ ನಿಪ್ಪಾಣಿಯಿಂದ ಹೆದ್ದಾರಿಯಲ್ಲಿ ಸ್ವಲ್ಪ ಮುಂದಕ್ಕೆ ಹೋದರೆ ಸಿಗುವ ಊರು ಅದು. 1879ರಲ್ಲಿ ತಂದೆ ತೀರಿಕೊಂಡಾಗ ಗೋಪಾಲನಿಗೆ ಹದಿಮೂರು ವರ್ಷ. ಅಣ್ಣ ಗೋವಿಂದರಾಯರು ಓದು ಬಿಟ್ಟು ತಿಂಗಳಿಗೆ ಹದಿನೈದು ರೂಪಾಯಿಯ ಕೆಲಸಕ್ಕೆ ಸೇರಿದರು. ಅದರಲ್ಲಿ ಎಂಟು ರೂಪಾಯಿಯನ್ನು ತಮ್ಮನ ಓದಿಗೆ ಕಳಿಸುತ್ತಿದ್ದರು. ಆ ಎಂಟು ರೂಪಾಯಿಯಲ್ಲಿ ಊಟ, ವಸತಿ, ಪುಸ್ತಕ ಎಲ್ಲವೂ ನಡೆಯಬೇಕಿತ್ತು. ಪ್ರತಿ ಪೈಸೆಗೂ ಲೆಕ್ಕ ಇಡುವ ಅಭ್ಯಾಸ ಅವರಿಗೆ ಅರ್ಥಶಾಸ್ತ್ರದ ಪುಸ್ತಕದಿಂದ ಬಂದದ್ದಲ್ಲ, ಈ ಬಡತನದಿಂದ ಬಂದದ್ದು.

ಕೊಲ್ಹಾಪುರ, ಪುಣೆ, ಮುಂಬಯಿಗಳಲ್ಲಿ ಓದಿ 1884ರಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಮರುವರ್ಷ ಪುಣೆಯ ನ್ಯೂ ಇಂಗ್ಲಿಷ್ ಸ್ಕೂಲಿನಲ್ಲಿ ಸಹಶಿಕ್ಷಕರಾದರು. ಡೆಕ್ಕನ್ ಎಜುಕೇಷನ್ ಸೊಸೈಟಿಯ ಆಜೀವ ಸದಸ್ಯರಾಗಿ, ತಿಂಗಳಿಗೆ 75 ರೂಪಾಯಿ ವೇತನದಲ್ಲಿ ದುಡಿಯುವ ವ್ರತ ತೊಟ್ಟರು. ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ, ಇಂಗ್ಲಿಷ್, ಇತಿಹಾಸ, ಅರ್ಥಶಾಸ್ತ್ರ, ಹೀಗೆ ಯಾವ ವಿಷಯಕ್ಕೆ ಅಧ್ಯಾಪಕರಿಲ್ಲವೋ ಅದನ್ನು ತಾವು ಓದಿಕೊಂಡು ಪಾಠ ಮಾಡಿದರು. ಶಾಲಾ ಮಕ್ಕಳಿಗಾಗಿ ಅವರು ಸಿದ್ಧಪಡಿಸಿದ ಅಂಕಗಣಿತದ ಪುಸ್ತಕ ಬಹುಕಾಲ ಬಳಕೆಯಲ್ಲಿತ್ತು.

ಶಿಕ್ಷಕರಾಗಿದ್ದಾಗಲೇ ಅವರಿಗೂ ಒಬ್ಬ ಗುರು ಸಿಕ್ಕಿದರು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು 1887ರಿಂದ ಈ ತರುಣನನ್ನು ತಮ್ಮ ಬಳಿ ಕೂರಿಸಿಕೊಂಡು ಸರ್ಕಾರಿ ವರದಿಗಳನ್ನು ಓದುವ ಕ್ರಮ ಕಲಿಸಿದರು. ಆಯವ್ಯಯದ ಪಟ್ಟಿ, ಕಂದಾಯದ ಅಂಕಿ ಅಂಶ, ಕ್ಷಾಮ ಪರಿಹಾರದ ಕಡತ ಇವನ್ನು ಸಾಲುಸಾಲಾಗಿ ಓದಿ, ಸಾರಾಂಶ ಬರೆದು ತೋರಿಸಬೇಕಿತ್ತು. ತಪ್ಪಿದ್ದರೆ ಮತ್ತೆ ಬರೆಯಬೇಕಿತ್ತು. ಈ ಓದಿನಲ್ಲಿ ಅವರಿಗೆ ನೆರವಾದ ಇನ್ನೊಬ್ಬರು ಗಣೇಶ ವ್ಯಂಕಟೇಶ ಜೋಶಿ. ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಜೋಶಿಯವರಿಗೆ ದೇಶದ ಹಣಕಾಸಿನ ಅಂಕಿಗಳ ಮೇಲೆ ಅಸಾಧಾರಣ ಹಿಡಿತವಿತ್ತು. ವೈಸರಾಯರ ಸಭೆಯಲ್ಲಿ ಮುಂದೆ ಕೇಳಿಬಂದ ವಾದಗಳ ಹಿಂದೆ ಹೀಗೆ ಒಬ್ಬ ಹೆಡ್‌ಮಾಸ್ತರರ ದುಡಿಮೆಯೂ ಸೇರಿತ್ತು.

1897ರಲ್ಲಿ ಭಾರತದ ಖರ್ಚುವೆಚ್ಚಗಳ ವಿಚಾರಣೆಗೆ ನೇಮಕವಾಗಿದ್ದ ವೆಲ್ಬಿ ಆಯೋಗದ ಮುಂದೆ ಸಾಕ್ಷ್ಯ ಹೇಳಲು ಗೋಖಲೆಯವರು ಲಂಡನ್ನಿಗೆ ಹೋದರು. ಸಾಕ್ಷ್ಯ ಚೆನ್ನಾಗಿಯೇ ನಡೆಯಿತು. ಆದರೆ ಅದೇ ಹೊತ್ತಿಗೆ ಪುಣೆಯಲ್ಲಿ ಪ್ಲೇಗ್ ಹರಡಿ, ಮನೆಮನೆ ತಪಾಸಣೆಗೆ ಸೈನಿಕರನ್ನು ಬಿಡಲಾಗಿತ್ತು. ಸೈನಿಕರು ಹೆಂಗಸರ ಮೇಲೆ ಅತ್ಯಾಚಾರ ನಡೆಸಿದರೆಂದು ಊರಿನಿಂದ ಪತ್ರಗಳು ಬಂದವು. ಗೋಖಲೆಯವರು ಅವನ್ನು ನಂಬಿ ಇಂಗ್ಲೆಂಡಿನ ಪತ್ರಿಕೆಗೆ ಹೇಳಿಕೆ ಕೊಟ್ಟರು. ಊರಿಗೆ ಮರಳಿ ಆಧಾರ ಹುಡುಕಿದಾಗ ಯಾರೂ ಮುಂದೆ ಬಂದು ಸಾಕ್ಷಿ ಹೇಳಲಿಲ್ಲ. ಪತ್ರ ಬರೆದವರ ಹೆಸರು ಹೇಳಲು ಅವರಿಗೂ ಮನಸ್ಸಾಗಲಿಲ್ಲ. ಕೊನೆಗೆ ಬಹಿರಂಗವಾಗಿ ಕ್ಷಮೆ ಕೇಳಿದರು. ಸರ್ಕಾರದವರು ನಕ್ಕರು, ಸ್ವಂತ ಜನ ಹೇಡಿಯೆಂದು ಜರೆದರು. ಆಗ ಅವರಿಗೆ ಮೂವತ್ತೊಂದು ವರ್ಷ. ಸಾರ್ವಜನಿಕ ಜೀವನ ಅಲ್ಲಿಗೇ ಮುಗಿಯಿತು ಎಂದು ಹಲವರು ಭಾವಿಸಿದ್ದರು. ಅದು ಮುಗಿಯಲಿಲ್ಲ. ಆದರೆ ಆಮೇಲೆ ಅವರು ಸಭೆಯಲ್ಲಿ ಆಡಿದ ಮಾತುಗಳನ್ನು ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ: ಆರೋಪಕ್ಕೆ ಆಧಾರವಾಗಿ ಅವರು ಹೆಚ್ಚಾಗಿ ಮುಂದಿಡುತ್ತಿದ್ದುದು ಸರ್ಕಾರವೇ ಅಚ್ಚು ಹಾಕಿಸಿದ ಅಂಕಿಗಳನ್ನು.

1899ರಲ್ಲಿ ಅವರು ಮುಂಬಯಿ ಶಾಸನಸಭೆಗೆ ಆಯ್ಕೆಯಾದರು. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಮುಂಬಯಿ ಸರ್ಕಾರದ ಆಡಳಿತದಲ್ಲಿದ್ದುದರಿಂದ ಆ ಸಭೆಯ ಚರ್ಚೆ ನಮ್ಮ ರೈತರಿಗೂ ಸಂಬಂಧಪಟ್ಟಿತ್ತು. 1901ರಲ್ಲಿ ಭೂಕಂದಾಯ ಕಾಯಿದೆಗೆ ತಿದ್ದುಪಡಿ ಬಂತು. ಕಂದಾಯ ಬಾಕಿಗಾಗಿ ಮುಟ್ಟುಗೋಲಾದ ಜಮೀನನ್ನು ಸರ್ಕಾರ ಮತ್ತೆ ರೈತನಿಗೆ ಕೊಡುವಾಗ, ಅದನ್ನು ಪರಭಾರೆ ಮಾಡುವ ಹಕ್ಕನ್ನು ಕೊಡದಿರಲು ಅದರಲ್ಲಿ ಅವಕಾಶವಿತ್ತು. ರೈತರ ಅಭಿಪ್ರಾಯ ಕೇಳದೆ ಅವಸರ ಮಾಡಬಾರದೆಂಬ ವಾದಕ್ಕೆ ಸರ್ಕಾರ ಕಿವಿಗೊಡದಿದ್ದಾಗ ಫಿರೋಜ್ ಷಾ ಮೆಹತಾ, ಗೋಖಲೆ ಮತ್ತು ಜೊತೆಗಾರರು ಸಭೆಯಿಂದ ಹೊರನಡೆದರು. ಮಸೂದೆ ಅಂಗೀಕಾರವಾಯಿತು.

ಆ ಕಾಲದ ಸಭೆಗೆ ಇದ್ದ ಅಧಿಕಾರ ಎಷ್ಟೆಂಬುದನ್ನು ಇಲ್ಲಿ ತಿಳಿಯಬೇಕು. ಪ್ರಶ್ನೆ ಕೇಳುವ ಹಕ್ಕು ಸದಸ್ಯರಿಗೆ ಬಂದದ್ದೇ 1892ರ ಕಾಯಿದೆಯಿಂದ. ಮುಂಚಿತವಾಗಿ ಬರವಣಿಗೆಯಲ್ಲಿ ತಿಳಿಸಬೇಕು, ಅಧ್ಯಕ್ಷರು ಒಪ್ಪಬೇಕು. ಬಂದ ಉತ್ತರದ ಮೇಲೆ ಮರುಪ್ರಶ್ನೆ ಹಾಕುವಂತಿರಲಿಲ್ಲ. ಆಯವ್ಯಯದ ಬಗ್ಗೆ ಮಾತಾಡಬಹುದಿತ್ತು, ಮತ ಹಾಕುವಂತಿರಲಿಲ್ಲ. 1902ರಲ್ಲಿ ಗೋಖಲೆಯವರು ಕಲ್ಕತ್ತೆಯ ವೈಸರಾಯರ ಶಾಸನಸಭೆಗೆ ಹೋದಾಗಲೂ ಸ್ಥಿತಿ ಇದೇ. ಅಧಿಕಾರಿಗಳದೇ ಬಹುಮತ. ಗೆಲ್ಲುವ ದಾರಿಯಿಲ್ಲದ ಸಭೆ ಅದು.

ಆ ವರ್ಷದ ಮಾರ್ಚ್ 26ರಂದು ಅವರು ಮಾಡಿದ ಮೊದಲ ಆಯವ್ಯಯ ಭಾಷಣ ದೇಶದ ಗಮನ ಸೆಳೆಯಿತು. ಖಜಾನೆಯಲ್ಲಿ ಹಣ ಉಳಿತಾಯವಾಗಿದೆಯೆಂದು ಸರ್ಕಾರ ಹೆಮ್ಮೆಪಡುತ್ತಿತ್ತು. ಜನ ಕ್ಷಾಮದಿಂದ ಆಗತಾನೆ ಎದ್ದಿದ್ದರು. ಜನ ಬಡವಾಗುತ್ತಿರುವಾಗ ಖಜಾನೆ ತುಂಬುವುದು ಹೇಗೆ ಎಂಬುದು ಅವರ ಪ್ರಶ್ನೆಯ ತಿರುಳು. ರೂಪಾಯಿಯ ಬೆಲೆಯನ್ನು ಕೃತಕವಾಗಿ ಏರಿಸಿರುವಾಗ ತೆರಿಗೆಯ ಅಂಕಿ ಹಾಗೆಯೇ ಇದ್ದರೂ ಅದನ್ನು ಕಟ್ಟಲು ರೈತ ಹೆಚ್ಚು ಧಾನ್ಯ ಮಾರಬೇಕಾಗುತ್ತದೆ ಎಂದು ತೋರಿಸಿದರು. ಹಾಗಾದರೆ ಆ ಉಳಿತಾಯ ಆಡಳಿತದ ಜಾಣತನದ ಫಲವಲ್ಲ, ಬೇಕಾದುದಕ್ಕಿಂತ ಹೆಚ್ಚು ವಸೂಲಿ ಮಾಡಿದ್ದರ ಗುರುತು ಎಂಬುದು ಅವರ ತೀರ್ಮಾನ. ಉಪ್ಪಿನ ತೆರಿಗೆಯನ್ನು ವರ್ಷವರ್ಷವೂ ಎತ್ತಿದರು. ಮಣಕ್ಕೆ ಎರಡೂವರೆ ರೂಪಾಯಿಯಿದ್ದ ತೆರಿಗೆ 1903ರಲ್ಲಿ ಎರಡಕ್ಕೆ, 1905ರಲ್ಲಿ ಒಂದೂವರೆಗೆ, 1907ರಲ್ಲಿ ಒಂದು ರೂಪಾಯಿಗೆ ಇಳಿಯಿತು. ಆದಾಯ ತೆರಿಗೆಯ ವಿನಾಯಿತಿ ಮಿತಿ 1903ರಲ್ಲಿ 500ರಿಂದ 1000 ರೂಪಾಯಿಗೆ ಏರಿತು. ಇದೆಲ್ಲ ಒಬ್ಬರ ಸಾಧನೆಯೆಂದು ಹೇಳಲಾಗದು. ಆದರೆ ಮತವಿಲ್ಲದ ಸಭೆಯಲ್ಲೂ ಸರಿಯಾದ ಪ್ರಶ್ನೆಗೆ ತೂಕವಿರುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಅಧಿಕಾರವನ್ನು ಕೇಂದ್ರದಿಂದ ಕೆಳಕ್ಕೆ ಇಳಿಸುವ ಬಗ್ಗೆ 1908ರಲ್ಲಿ ವಿಕೇಂದ್ರೀಕರಣ ಆಯೋಗ ವಿಚಾರಣೆ ನಡೆಸಿದಾಗ ಗೋಖಲೆಯವರ ನಿಲುವು ಸ್ಪಷ್ಟವಾಗಿತ್ತು. ಕಲ್ಕತ್ತೆಯ ಅಧಿಕಾರಿಯ ಕೈಯಿಂದ ಮುಂಬಯಿಯ ಅಧಿಕಾರಿಯ ಕೈಗೆ ಅಧಿಕಾರ ಹೋದ ಮಾತ್ರಕ್ಕೆ ಜನರಿಗೆ ಲಾಭವಿಲ್ಲ. ಅಧಿಕಾರ ಇಳಿದ ಕಡೆಯೆಲ್ಲ ಲೆಕ್ಕ ಕೇಳುವವರೂ ಇರಬೇಕು. ಅದಕ್ಕಾಗಿ ತಳದಲ್ಲಿ ಗ್ರಾಮ ಪಂಚಾಯಿತಿ, ನಡುವೆ ಜಿಲ್ಲಾ ಸಮಿತಿ, ಮೇಲೆ ಸುಧಾರಿತ ಶಾಸನಸಭೆ ಎಂಬ ಮೂರು ಹಂತಗಳನ್ನು ಅವರು ಸೂಚಿಸಿದರು.

1909ರ ಸುಧಾರಣೆಯಿಂದ ಎರಡು ಹೊಸ ಹಕ್ಕುಗಳು ಬಂದವು. ಪ್ರಶ್ನೆ ಕೇಳಿದ ಸದಸ್ಯ ಉತ್ತರದ ಮೇಲೆ ಉಪಪ್ರಶ್ನೆ ಕೇಳಬಹುದು. ನಿರ್ಣಯ ಮಂಡಿಸಿ ಮತಕ್ಕೂ ಹಾಕಿಸಬಹುದು. ಗೋಖಲೆಯವರು ಈ ಹಕ್ಕನ್ನು ಬಳಸಿದ್ದು ನಮಗೆ ಬಹಳ ಹತ್ತಿರದ ವಿಷಯಕ್ಕೆ. 1910ರ ಮಾರ್ಚಿಯಲ್ಲಿ ಪ್ರಾಥಮಿಕ ಶಿಕ್ಷಣವನ್ನು ಹಂತಹಂತವಾಗಿ ಕಡ್ಡಾಯಗೊಳಿಸಬೇಕೆಂದು ನಿರ್ಣಯ ತಂದರು. ಸರ್ಕಾರ ಪರಿಶೀಲಿಸುವ ಭರವಸೆ ಕೊಟ್ಟಿತು, ಅವರು ನಿರ್ಣಯ ಹಿಂತೆಗೆದುಕೊಂಡರು. ಶಿಕ್ಷಣಕ್ಕೆ ಪ್ರತ್ಯೇಕ ಇಲಾಖೆ ಬಂತು, ಕಡ್ಡಾಯದ ಮಾತು ಬರಲಿಲ್ಲ. 1911ರ ಮಾರ್ಚ್ 16ರಂದು ತಾವೇ ಮಸೂದೆ ಮಂಡಿಸಿದರು.

ಮಸೂದೆ ಎಚ್ಚರಿಕೆಯಿಂದ ಹೆಣೆದದ್ದಾಗಿತ್ತು. ಒಪ್ಪಿದ ನಗರಸಭೆ, ಜಿಲ್ಲಾ ಬೋರ್ಡುಗಳ ವ್ಯಾಪ್ತಿಯಲ್ಲಿ ಮಾತ್ರ, ಅದೂ ಆಗಲೇ ಸಾಕಷ್ಟು ಮಕ್ಕಳು ಶಾಲೆಗೆ ಹೋಗುತ್ತಿದ್ದ ಕಡೆ, 6ರಿಂದ 10 ವರ್ಷದ ಗಂಡುಮಕ್ಕಳಿಗೆ ಶಿಕ್ಷಣ ಕಡ್ಡಾಯ. ತಿಂಗಳಿಗೆ ಹತ್ತು ರೂಪಾಯಿಗಿಂತ ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಶುಲ್ಕವಿಲ್ಲ. ಬರೋಡಾ ಸಂಸ್ಥಾನ 1906ರಲ್ಲೇ ಇದನ್ನು ಜಾರಿಗೆ ತಂದಿತ್ತು. ಒಬ್ಬ ದೇಶೀಯ ಅರಸರಿಗೆ ಸಾಧ್ಯವಾದದ್ದು ಬ್ರಿಟಿಷ್ ಸರ್ಕಾರಕ್ಕೆ ಏಕೆ ಸಾಧ್ಯವಿಲ್ಲ ಎಂಬ ಪ್ರಶ್ನೆಗೆ ಸಮರ್ಪಕ ಉತ್ತರ ಬರಲಿಲ್ಲ. ಪ್ರಾಂತೀಯ ಸರ್ಕಾರಗಳು ವಿರೋಧ ಸೂಚಿಸಿದವು. ಹಣವಿಲ್ಲ, ಜನರ ಬೇಡಿಕೆಯಿಲ್ಲ, ಕಟ್ಟಡಗಳಿಲ್ಲ ಎಂಬ ಕಾರಣಗಳ ಜೊತೆಗೆ ತರಬೇತಿ ಪಡೆದ ಶಿಕ್ಷಕರಿಲ್ಲ ಎಂಬುದೂ ಒಂದು ಕಾರಣವಾಗಿತ್ತು.

ಇಲ್ಲಿ ಗೋಖಲೆಯವರು ಕೊಟ್ಟ ಉತ್ತರ ನಮ್ಮಂಥ ಕಾಲೇಜುಗಳಲ್ಲಿ ಚರ್ಚೆಯಾಗಬೇಕು. ಮೊದಲು ಅಕ್ಷರ ಎಲ್ಲರಿಗೂ ತಲುಪಲಿ, ಗುಣಮಟ್ಟದ ಮಾತು ಅದರ ನಂತರದ್ದು. ಒಳ್ಳೆಯ ಶಿಕ್ಷಕರೂ ಕಟ್ಟಡಗಳೂ ಸಿದ್ಧವಾಗುವವರೆಗೆ ಕಾಯುತ್ತಾ ಕುಳಿತರೆ ಒಂದು ತಲೆಮಾರು ಅಕ್ಷರವಿಲ್ಲದೆ ಮುಗಿದುಹೋಗುತ್ತದೆ ಎಂಬುದು ಅವರ ನಿಲುವು. ಸ್ವತಃ ಶಿಕ್ಷಕರಾಗಿದ್ದವರು ಹೀಗೆ ಹೇಳಿದ್ದು ಬೋಧನೆಯನ್ನು ಹಗುರವಾಗಿ ಕಂಡದ್ದರಿಂದಲ್ಲ. ತರಬೇತಿಯ ಕೊರತೆಯನ್ನು ಮಕ್ಕಳನ್ನು ಹೊರಗಿಡಲು ನೆಪ ಮಾಡಿಕೊಳ್ಳಬಾರದು ಎಂಬ ಕಾಳಜಿ ಅದು. ಆದರೆ ಶಾಲೆಗೆ ಬಂದ ಮಗುವಿಗೆ ಏನೂ ತಿಳಿಯದಂತೆ ಪಾಠ ನಡೆದರೆ ಆ ಮಗು ಮತ್ತೆ ಶಾಲೆ ಬಿಡುತ್ತದೆ ಎಂಬುದೂ ನಿಜವೇ. ಎರಡೂ ಕಡೆ ಹುರುಳಿದೆ. ಪ್ರಶಿಕ್ಷಣಾರ್ಥಿಗಳು ಪಕ್ಷ ಕಟ್ಟಿಕೊಂಡು ವಾದಿಸಲು ತಕ್ಕ ವಿಷಯ ಇದು.

1912ರ ಮಾರ್ಚಿಯಲ್ಲಿ ಮಸೂದೆಯನ್ನು ಮತಕ್ಕೆ ಹಾಕಲಾಯಿತು. ಪರವಾಗಿ 13, ವಿರುದ್ಧವಾಗಿ 38. ಸೋಲು ಖಚಿತವೆಂದು ತಿಳಿದೇ ಗೋಖಲೆಯವರು ಮತ ಕೇಳಿದ್ದರು. ಯಾರು ಯಾವ ಕಡೆ ನಿಂತರು ಎಂಬುದು ದಾಖಲೆಯಾಗಿ ಉಳಿಯಿತು. ಮರುವರ್ಷವೇ, 1913ರಲ್ಲಿ, ಮೈಸೂರು ಸಂಸ್ಥಾನ ಪ್ರಾಥಮಿಕ ಶಿಕ್ಷಣದ ಶಾಸನ ತಂದು ಆಯ್ದ ಪ್ರದೇಶಗಳಲ್ಲಿ ಕಡ್ಡಾಯ ಶಿಕ್ಷಣಕ್ಕೆ ದಾರಿ ಮಾಡಿತು. 1918ರಲ್ಲಿ ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ ಮುಂಬಯಿ ಪ್ರಾಂತದ ನಗರಸಭೆಗಳಿಗೆ ಅಂಥದೇ ಕಾಯಿದೆ ಬಂತು. ದೇಶದ ಎಲ್ಲ ಮಕ್ಕಳಿಗೆ ಅದು ಕಾಯಿದೆಬದ್ಧ ಹಕ್ಕಾಗಿ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದನ್ನು ನೋಡಲು ಗೋಖಲೆಯವರು ಇರಲಿಲ್ಲ. ಪ್ರಾಂತಗಳಿಗೆ ಸ್ವಾಯತ್ತತೆ, ಅವುಗಳ ಶಾಸನಸಭೆಗಳಲ್ಲಿ ಚುನಾಯಿತರ ಬಹುಮತ ಇರಬೇಕೆಂಬ ಯೋಜನೆಯನ್ನು ಬರೆದಿಟ್ಟು, 1915ರ ಫೆಬ್ರವರಿ 19ರಂದು, ನಲವತ್ತೆಂಟನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ ಜೀವನವನ್ನು ಕನ್ನಡದಲ್ಲಿ ಬರೆದ ಡಿ.ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಾರ್ವಜನಿಕ ವಿಚಾರಗಳ ಸಂಸ್ಥೆ ಗೋಖಲೆಯವರ ಹೆಸರಿನಲ್ಲೇ ನಡೆಯುತ್ತಿದೆ.

ಇಂದು ನಮ್ಮ ವಿಧಾನಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಉತ್ತರಿಸುತ್ತಾರೆ, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ. ಈ ವ್ಯತ್ಯಾಸವನ್ನು ಹಲಗೆಯ ಮೇಲೆ ಬರೆದು ತೋರಿಸುವುದಕ್ಕಿಂತ ಮಾಡಿಸಿ ತಿಳಿಸುವುದು ಸುಲಭ. ಸೂಕ್ಷ್ಮಬೋಧನೆಯಲ್ಲಿ ನಾವು ಅಭ್ಯಾಸ ಮಾಡುವ ಶೋಧಕ ಪ್ರಶ್ನೆಯೂ ಸದನದ ಉಪಪ್ರಶ್ನೆಯೂ ಒಂದೇ ಜಾತಿಯವು. ಎರಡೂ ಹುಟ್ಟುವುದು ಮೊದಲ ಉತ್ತರವನ್ನು ಗಮನವಿಟ್ಟು ಕೇಳಿದಾಗ. ಮಕ್ಕಳ ಗ್ರಾಮಸಭೆಗೆ ಮುನ್ನ ಎಂಟನೆಯ ತರಗತಿಯವರಿಂದ ಒಂದೊಂದು ಪ್ರಶ್ನೆ ಬರೆಸಿ. ಶೌಚಾಲಯಕ್ಕೆ ನೀರು ಏಕಿಲ್ಲ ಎಂದು ಬರೆದ ಮಗುವಿಗೆ ಎಷ್ಟು ದಿನದಿಂದ ಇಲ್ಲ, ಎಣಿಸಿದವರು ಯಾರು, ದುರಸ್ತಿಗೆ ಹಣ ಬಂದಿತ್ತೇ ಎಂದು ಕೇಳಿ, ವಿವರ ಹುಡುಕಿ ತರಲು ಹೇಳಿ. ಆಮೇಲೆ ಅದೇ ಪ್ರಶ್ನೆಯನ್ನು ಮತ್ತೆ ಬರೆಸಿ. ರಾನಡೆಯವರು ಗೋಖಲೆಯವರಿಂದ ಬರೆಸುತ್ತಿದ್ದುದೂ ಹೀಗೆಯೇ.