ನೆರವು ಪಡೆದು ಓದಿದರು, ನಾಡಿಗೇ ನೆರವಾದರು

ಕೃಷ್ಣರಾಜಸಾಗರ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಎಂದೊಡನೆ ನೆನಪಾಗುವ ಹೆಸರು ಸರ್ ಎಂ. ವಿಶ್ವೇಶ್ವರಯ್ಯ. ಪೇಟ ಧರಿಸಿದ ಅವರ ಭಾವಚಿತ್ರವನ್ನು ನಾವೆಲ್ಲರೂ ಬಲ್ಲೆವು. ಅವರ ವಿದ್ಯಾರ್ಥಿ ಜೀವನವನ್ನು ಬಲ್ಲವರು ಕಡಿಮೆ.

ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ 1861ರ ಸೆಪ್ಟೆಂಬರ್ 15ರಂದು ಜನಿಸಿದರು. ಎಳೆಯ ವಯಸ್ಸಿನಲ್ಲೇ ತಂದೆ ಶ್ರೀನಿವಾಸ ಶಾಸ್ತ್ರಿಗಳನ್ನು ಕಳೆದುಕೊಂಡರು. ಮನೆಯಲ್ಲಿ ಬಡತನವಿತ್ತು. ಆದರೂ ತಾಯಿ ವೆಂಕಟಲಕ್ಷ್ಮಮ್ಮನವರು ಮಗನ ಓದು ನಿಲ್ಲಲು ಬಿಡಲಿಲ್ಲ. ಬೆಂಗಳೂರಿನಲ್ಲಿದ್ದ ಸೋದರಮಾವ ರಾಮಯ್ಯನವರು ಆಸರೆಯಾದರು. ಸೆಂಟ್ರಲ್ ಕಾಲೇಜಿಗೆ ಸೇರಿದ ವಿಶ್ವೇಶ್ವರಯ್ಯನವರು ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ಖರ್ಚನ್ನು ತಾವೇ ನಿಭಾಯಿಸಿದರು. ಗಣಿತದಲ್ಲಿ ಅವರಿಗಿದ್ದ ಹಿಡಿತವನ್ನು ಗುರುತಿಸಿದ ಪ್ರಾಂಶುಪಾಲ ಚಾರ್ಲ್ಸ್ ವಾಟರ್ಸ್ ಅವರು ಬೆನ್ನು ತಟ್ಟಿದರು. 1881ರಲ್ಲಿ ಬಿ.ಎ. ಪದವಿ ಕೈಸೇರಿತು.

ಮುಂದೆ ಎಂಜಿನಿಯರಿಂಗ್ ಓದುವ ಆಸೆಯಿತ್ತು, ಹಣವಿರಲಿಲ್ಲ. ಆಗ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಅವರನ್ನು ಪುಣೆಯ ವಿಜ್ಞಾನ ಕಾಲೇಜಿಗೆ ತಲುಪಿಸಿತು. 1883ರಲ್ಲಿ ಅವರು ಮುಂಬಯಿ ಪ್ರಾಂತ್ಯಕ್ಕೇ ಪ್ರಥಮರಾಗಿ ತೇರ್ಗಡೆಯಾದರು.

ವಿದ್ಯಾರ್ಥಿ ಮಿತ್ರರೇ, ಇಲ್ಲಿ ಶ್ರಮ ಅವರದೇ, ಛಲವೂ ಅವರದೇ. ಆದರೆ ತಾಯಿ, ಮಾವ, ಮನೆಪಾಠ ಕೊಟ್ಟ ಕುಟುಂಬ, ಗುರು, ಸರ್ಕಾರ, ಇವರಲ್ಲಿ ಒಬ್ಬರು ಕೈಬಿಟ್ಟಿದ್ದರೂ ಆ ಛಲ ಅರ್ಧ ದಾರಿಯಲ್ಲೇ ಸೊರಗುವ ಸಾಧ್ಯತೆಯಿತ್ತು. ನೆರವು ಪಡೆಯುವುದನ್ನು ಅವರು ಅವಮಾನವೆಂದು ಭಾವಿಸಲಿಲ್ಲ, ಪಡೆದ ಮೇಲೆ ಮೈಗಳ್ಳರಾಗಲೂ ಇಲ್ಲ.

ಅವರ ಕಾಲದಲ್ಲಿ ಮೈಸೂರು ಸಂಸ್ಥಾನದ ಪದವಿ ವಿದ್ಯಾರ್ಥಿಗಳು ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆ ಬರೆಯಬೇಕಿತ್ತು. 1912ರಲ್ಲಿ ದಿವಾನರಾದ ಅವರು, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ಥಾಪನೆಗೆ ಶ್ರಮಿಸಿದರು. ತಮಗೆ ಸಿಕ್ಕ ನೆರವಿನ ಋಣವನ್ನು ಮುಂದಿನ ಪೀಳಿಗೆಗಳಿಗೆ ತೀರಿಸಿದ ಬಗೆಯಿದು. 1955ರಲ್ಲಿ ಭಾರತರತ್ನ ಪಡೆದ ಈ ಶತಾಯುಷಿ 1962ರಲ್ಲಿ ನಿಧನರಾದರು.

2009ರಿಂದ ನಮ್ಮ ದಾವಣಗೆರೆಯಲ್ಲೇ ವಿಶ್ವವಿದ್ಯಾನಿಲಯವಿದೆ. ಕುಕ್ಕುವಾಡದಿಂದ ಬಸ್ಸು ಹತ್ತಿದರೆ ಕಾಲೇಜು ಸಿಗುತ್ತದೆ. ಆದರೂ ಒಂದು ಸೆಮಿಸ್ಟರ್‌ನಲ್ಲಿ ಎರಡು ವಿಷಯ ಉಳಿದವೆಂದು ಗ್ಯಾರೇಜು ಸೇರುವ ಹುಡುಗರು, ಶುಲ್ಕ ಹೊಂದಲಿಲ್ಲವೆಂದು ಮನೆಯಲ್ಲೇ ಉಳಿಯುವ ಹೆಣ್ಣುಮಕ್ಕಳು ನಮ್ಮ ನಡುವೆ ಇದ್ದಾರೆ. ಪಾಸಾದವರು ಅಂಥವರ ಜೊತೆ ಕೂತು ಓದಿಸಲಿ, ಹಳೆಯ ಪುಸ್ತಕಗಳನ್ನು ಕೊಡಲಿ. ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ದಿನಾಂಕವನ್ನು ಸದಸ್ಯರು ಮನೆಮನೆಗೆ ಮುಟ್ಟಿಸಲಿ. ಕಷ್ಟದಲ್ಲಿರುವ ವಿದ್ಯಾರ್ಥಿಯೂ ಸಂಕೋಚ ಬಿಟ್ಟು ಬಾಯಿ ಬಿಡಲಿ. ನಡುವೆ ನಿಂತ ಓದನ್ನು ಮತ್ತೆ ಹಿಡಿಯಲು ಇದು ಮೊದಲ ಹೆಜ್ಜೆ.