ದೊಡ್ಡಸ್ವಾಮಿ ಅಬ್ಬೆ ದುಬ್ವಾ

ಮನುಷ್ಯನು ದೇವರೊಡನೆ ನೇರವಾಗಿ ಮಾತನಾಡಬಲ್ಲನೇ, ಅಥವಾ ಅವನ ಪರವಾಗಿ ಬಿನ್ನವಿಸಿಕೊಳ್ಳಲು ನಡುವೆ ಒಬ್ಬರು ಬೇಕೇ? ಈ ಪ್ರಶ್ನೆ ಎಲ್ಲ ಮತಗಳಲ್ಲಿಯೂ ಉಂಟು. ಹಿರಿಯೂರಿನ ತೇರುಮಲ್ಲೇಶ್ವರನ ಗುಡಿಯಲ್ಲಾಗಲಿ, ಹೊಳಲ್ಕೆರೆಯ ಬಯಲು ಗಣಪತಿಯ ಮುಂದಾಗಲಿ, ಹಣ್ಣುಕಾಯಿ ಕೊಟ್ಟು ಹೆಸರು ನಕ್ಷತ್ರ ಹೇಳುವ ಭಕ್ತನು ತನ್ನ ಮೊರೆಯನ್ನು ಅರ್ಚಕರ ಬಾಯಿಂದ ಹೇಳಿಸುತ್ತಾನೆ. ಶಿವಶರಣರು ಆ ನಡುವಿನವರನ್ನು ಒಪ್ಪದೆ ಇಷ್ಟಲಿಂಗವನ್ನು ಅಂಗೈಗೇ ತಂದುಕೊಟ್ಟರು. ಆದರೂ ಗುರುವನ್ನು ಬಿಡಲಿಲ್ಲ. ಕ್ರೈಸ್ತ ಮತವು ಈ ಪ್ರಶ್ನೆಗೆ ಕೊಡುವ ಉತ್ತರವೇನೆಂದು ತಿಳಿಯಲು ಹೊರಟ ನನಗೆ, ಶಾಸ್ತ್ರಗ್ರಂಥಗಳಿಗಿಂತ ಹೆಚ್ಚಾಗಿ ಮೈಸೂರು ಸೀಮೆಯಲ್ಲಿ ಬಾಳಿದ ಒಬ್ಬ ಪಾದ್ರಿಯ ಜೀವನವೇ ದಾರಿ ತೋರಿತು. ಅವರೇ ಅಬ್ಬೆ ದುಬ್ವಾ. ಕನ್ನಡದಲ್ಲಿ ಅಬ್ಬೆ ಎಂದರೆ ತಾಯಿ. ಫ್ರೆಂಚರಲ್ಲಿ ಅದು ಗುರುಗಳಿಗೆ ಸಲ್ಲುವ ಬಿರುದು, ಅದರ ಮೂಲಾರ್ಥ ತಂದೆ.

ಯೆಹೂದ್ಯರ ಮಹಾಯಾಜಕನು ವರ್ಷಕ್ಕೊಮ್ಮೆ ದೇವಾಲಯದ ಅತಿಪವಿತ್ರ ಸ್ಥಾನವನ್ನು ಹೊಕ್ಕು ಜನರೆಲ್ಲರ ಪಾಪಕ್ಕಾಗಿ ಬಲಿಯ ರಕ್ತವನ್ನು ಅರ್ಪಿಸುತ್ತಿದ್ದನು. ಕ್ರಿಸ್ತನು ತನ್ನನ್ನೇ ಬಲಿಯಾಗಿ ಒಪ್ಪಿಸಿದ್ದರಿಂದ ಆ ಕಾರ್ಯವು ಒಂದೇ ಸಲಕ್ಕೆ ಪೂರ್ತಿಯಾಯಿತು, ಇನ್ನು ಮುಂದೆ ಮಧ್ಯಸ್ಥನು ಆತನೊಬ್ಬನೇ ಎಂಬುದು ಕ್ರೈಸ್ತರ ನಂಬಿಕೆ. ಹಾಗಾದರೆ ಪಾದ್ರಿಗಳೇಕೆ? ಇಲ್ಲಿ ಪಂಥಗಳು ಬೇರೆಯಾಗುತ್ತವೆ. 16ನೆಯ ಶತಮಾನದಲ್ಲಿ ಲೂಥರನು ದೀಕ್ಷಾಸ್ನಾನ ಪಡೆದವರೆಲ್ಲರೂ ಯಾಜಕರೇ ಎಂದು ಸಾರಿದನು. ರೋಮನ್ ಕಥೋಲಿಕರಾದರೋ, ಅಭಿಷಿಕ್ತನಾದ ಗುರುವು ಕ್ರಿಸ್ತನ ಯಾಜಕತ್ವದಲ್ಲಿಯೇ ಪಾಲುಗೊಂಡು ಆತನ ಹೆಸರಿನಲ್ಲಿ ಪೂಜೆಯನ್ನು ಅರ್ಪಿಸುತ್ತಾನೆ, ಪಾಪಗಳನ್ನು ಕ್ಷಮಿಸುತ್ತಾನೆ ಎಂದು ತಿಳಿಯುತ್ತಾರೆ. ಸಂಕಟಕಾಲದಲ್ಲಿ ದೀಕ್ಷಾಸ್ನಾನವನ್ನು ಯಾರು ಬೇಕಾದರೂ ಕೊಡಬಹುದು. ಪೂಜೆಯನ್ನೂ ಪಾಪಕ್ಷಮೆಯನ್ನೂ ಗುರುವಲ್ಲದೆ ಇನ್ನೊಬ್ಬನು ಕೊಡಲಾರನು. ಗುರುವಿಲ್ಲದ ಊರಿನ ಕಥೋಲಿಕನ ಪಾಡೇನೆಂಬುದನ್ನು ಇದರಿಂದ ಊಹಿಸಬಹುದು.

ಜಾನ್ ಆಂಟ್ವಾನ್ ದುಬ್ವಾ ಅವರಿಗೆ ದಕ್ಷಿಣ ಫ್ರಾನ್ಸಿನ ಸಾನ್ ರೆಮೇಜ್ ಎಂಬ ಹಳ್ಳಿಯಲ್ಲಿ 1766ರ ಜನವರಿ 10ರಂದು ದೀಕ್ಷಾಸ್ನಾನವಾಯಿತು. 1792ರಲ್ಲಿ, ಮಹಾಕ್ರಾಂತಿಯು ಪಾದ್ರಿಗಳನ್ನು ಬೇಟೆಯಾಡುತ್ತಿದ್ದ ವರ್ಷದಲ್ಲಿಯೇ, ಅವರು ಗುರುದೀಕ್ಷೆ ಪಡೆದು ಪ್ಯಾರಿಸಿನ ವಿದೇಶೀ ಮಿಷನ್ ಸಂಸ್ಥೆಯ ವತಿಯಿಂದ ಭಾರತಕ್ಕೆ ಹೊರಟರು. ಮೊದಲು ತಮಿಳು ಸೀಮೆಯಲ್ಲಿ ದುಡಿದರು. ಬಿಳಿಯ ಬಟ್ಟೆ, ತಲೆಗೆ ರುಮಾಲು, ಉದ್ದ ಗಡ್ಡ, ಕೈಯಲ್ಲಿ ಕೋಲು, ಸಸ್ಯಾಹಾರ - ಹೀಗೆ ಈ ನೆಲದ ಸಾಧುವಿನಂತೆಯೇ ಬಾಳಿದರು. ಪರರ ಪರವಾಗಿ ಬೇಡುವವನು ಮೊದಲು ಅವರಂತೆಯೇ ಆಗಬೇಕೆಂಬುದು ಅವರ ನಡತೆಯಿಂದಲೇ ತಿಳಿದುಬರುತ್ತದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಕರ್ನಲ್ ವೆಲ್ಲೆಸ್ಲಿಯ ಶಿಫಾರಸಿನಂತೆ ಅವರು ಮೈಸೂರು ಸೀಮೆಗೆ ಬಂದರು. ಅಲ್ಲಿ ಅವರಿಗಾಗಿ ಕಾದಿದ್ದ ಕೆಲಸ ಸುಲಭದ್ದಾಗಿರಲಿಲ್ಲ. 1784ರಲ್ಲಿ ಟೀಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ತರಿಸಿದ್ದನು. ಗುರುಗಳನ್ನು ರಾಜ್ಯದಿಂದ ಹೊರಗಟ್ಟಿದ್ದನು. ಸೆರೆಯಾದವರಲ್ಲಿ ಬಹುಜನರನ್ನು ಬಲವಂತದಿಂದ ಮತಾಂತರಿಸಲಾಗಿತ್ತು. ಅವರ ಸಂಖ್ಯೆಯ ವಿಷಯದಲ್ಲಿ ಚರಿತ್ರಕಾರರು ಒಮ್ಮತದಲ್ಲಿಲ್ಲ. ಚಿತ್ರದುರ್ಗದವರಾದ ನಮಗೆ ಈ ಕಥೆ ಹೊಸದಲ್ಲ. 1779ರಲ್ಲಿ ಹೈದರಲ್ಲಿಯು ದುರ್ಗವನ್ನು ಗೆದ್ದಾಗ ಮದಕರಿ ನಾಯಕನು ಅದೇ ಶ್ರೀರಂಗಪಟ್ಟಣಕ್ಕೆ ಸೆರೆಯಾಳಾಗಿ ಹೋದನು. ಇಲ್ಲಿಯ ಸುಮಾರು 20,000 ಜನರನ್ನು ಅಲ್ಲಿಗೆ ಸಾಗಿಸಲಾಯಿತು. ಬೇಡರ ಹುಡುಗರನ್ನು ಮತಾಂತರಿಸಿ ಚೇಲಾ ಪಡೆಗೆ ಸೇರಿಸಲಾಯಿತು. ಊರು ಬಿಟ್ಟು ಸಾಗಿದ ಆ ತಾಯಂದಿರ ದುಃಖ ಯಾವ ಮತದ್ದಾದರೂ ಒಂದೇ ಅಲ್ಲವೇ?

ಹದಿನೈದು ವರ್ಷ ಪೂಜೆಯಿಲ್ಲದೆ, ಪಾಪನಿವೇದನೆಯಿಲ್ಲದೆ ಉಳಿದಿದ್ದ ಜನರು ಈಗ ಒಬ್ಬ ಗುರುವಿನ ಮುಂದೆ ನಿಂತರು. ಹೆದರಿ ನಂಬಿಕೆಯನ್ನು ಬಿಟ್ಟವರನ್ನು ಮತ್ತೆ ಸೇರಿಸಿಕೊಳ್ಳಬಹುದೇ ಎಂಬುದು ಕ್ರೈಸ್ತ ಸಭೆಯಲ್ಲಿ ಬಹಳ ಹಳೆಯ ಪ್ರಶ್ನೆ. 250ರಲ್ಲಿ ರೋಮಿನ ಚಕ್ರವರ್ತಿ ಡೀಸಿಯಸನ ಕಾಲದಲ್ಲಿ ಅನೇಕರು ಪ್ರಾಣಭಯದಿಂದ ರೋಮನ್ ದೇವತೆಗಳಿಗೆ ಬಲಿ ಕೊಟ್ಟರು. ಹಿಂಸೆ ಮುಗಿದ ಮೇಲೆ ಅವರು ಸೆರೆಮನೆಯಲ್ಲಿ ನೋವುಂಡ ಧೀರರ ಬಳಿಗೆ ಹೋಗಿ, ತಮ್ಮ ಪರವಾಗಿ ಶಿಫಾರಸು ಪತ್ರಗಳನ್ನು ಬರೆಸಿಕೊಂಡು ಬಂದರು. ಕಾರ್ತೇಜಿನ ಬಿಷಪ್ ಸಿಪ್ರಿಯನನು ಅಷ್ಟರಿಂದಲೇ ಬಾಗಿಲು ತೆರೆಯಲಿಲ್ಲ. ಅವರನ್ನು ಶಾಶ್ವತವಾಗಿ ಹೊರಗಿಡಲೂ ಒಪ್ಪಲಿಲ್ಲ. ಪಶ್ಚಾತ್ತಾಪ, ತಪಸ್ಸು, ಆಮೇಲೆ ಕ್ಷಮೆ - ಇದು ಅವನು ಹಾಕಿದ ದಾರಿ.

ದುಬ್ವಾ ಅವರ ಮನಸ್ಸಿನಲ್ಲಿಯೂ ಈ ತಾಕಲಾಟ ಕಾಣುತ್ತದೆ. ಅಷ್ಟೊಂದು ಜನರಲ್ಲಿ ಒಬ್ಬನಾದರೂ ಧೈರ್ಯದಿಂದ ಪ್ರಾಣಕೊಡಲು ಮುಂದಾಗಲಿಲ್ಲವೆಂದು ಅವರು ಮುಂದೆ ಬಹು ಕಟುವಾಗಿಯೇ ಬರೆದರು. ಸೆರೆಯಲ್ಲಿ ಇಲ್ಲದವನು ಸೆರೆಯಲ್ಲಿದ್ದವರ ಬಗ್ಗೆ ಹೀಗೆ ತೀರ್ಪು ಕೊಡುವುದು ಸರಿಯೇ ಎಂದು ನನಗೆ ಅನ್ನಿಸುತ್ತದೆ. ಆದರೆ ಹಾಗೆ ಬರೆದ ಕೈಯೇ ಆ ಜನರನ್ನು ಮತ್ತೆ ಸಭೆಗೆ ಸೇರಿಸಿಕೊಂಡಿತು ಎಂಬುದನ್ನು ಮರೆಯಬಾರದು. ಯಾಜಕನು ತನ್ನ ಮೆಚ್ಚುಗೆಯನ್ನು ಹಂಚುವವನಲ್ಲ. ಇನ್ನೊಬ್ಬನ ಕರುಣೆಯನ್ನು ಹಂಚುವವನು. ಆದುದರಿಂದಲೇ ಅವನ ಸ್ವಂತ ಕೋಪಕ್ಕೆ ಅಲ್ಲಿ ಅಧಿಕಾರವಿಲ್ಲ.

ಚದರಿಹೋಗಿದ್ದ ಜನರಿಗೆ ಪ್ರಾರ್ಥನೆಯೊಂದೇ ಸಾಲದೆಂದು ಅರಿತ ದುಬ್ವಾ ಅವರು, ಹಾಸನದ ಬಳಿ ಸಾತಳ್ಳಿಯಲ್ಲಿ ಬೇಸಾಯದ ನೆಲೆಯನ್ನು ಕಟ್ಟಿದರು. ಆ ಕಾಲದಲ್ಲಿ ಸಿಡುಬು ಊರೂರುಗಳನ್ನೇ ಬರಿದು ಮಾಡುತ್ತಿತ್ತು. ಜನರು ಅದನ್ನು ಅಮ್ಮನ ಕೋಪವೆಂದು ತಿಳಿದು ಪೂಜಾರಿಯ ಮೂಲಕ ಹರಕೆ ಕಟ್ಟಿಕೊಳ್ಳುತ್ತಿದ್ದರು. ಜೆನ್ನರನು 1798ರಲ್ಲಿ ಪ್ರಕಟಿಸಿದ ದೇವಿ ಹಾಕುವ ಕ್ರಮವು 1802ರಲ್ಲಿ ಭಾರತಕ್ಕೆ ಬಂದಿತು. 1803-04ರಲ್ಲಿ ದುಬ್ವಾ ಮತ್ತು ಅವರ ಸಂಗಡಿಗರು 25,432 ಜನರಿಗೆ ದೇವಿ ಹಾಕಿದರೆಂದು ಲೆಕ್ಕ ಸಿಗುತ್ತದೆ. ಸಾವಿಗೂ ಮಗುವಿಗೂ ನಡುವೆ ಹೋಗಿ ನಿಲ್ಲುವುದೂ ಮಧ್ಯಸ್ಥಿಕೆಯೇ. ಜನರು ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದದ್ದು ಸುಮ್ಮನೆ ಅಲ್ಲ.

ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು 1807ರಲ್ಲಿ ಮದರಾಸು ಸರ್ಕಾರವು 2,000 ವರಹಗಳಿಗೆ ಕೊಂಡಿತು; 1816ರಲ್ಲಿ ಅದು ಲಂಡನ್ನಿನಲ್ಲಿ ಅಚ್ಚಾಯಿತು. ಆ ಗ್ರಂಥದಲ್ಲಿ ಪೂರ್ವಗ್ರಹಗಳು ಉಂಟು. ಅದರ ಬಹುಭಾಗವು ಅವರಿಗಿಂತ ಹಿಂದಿನ ಕೂರ್ದು ಎಂಬ ಜೆಸ್ವಿಟ್ ಪಾದ್ರಿಯ ಬರವಣಿಗೆಯಿಂದ ಬಂದದ್ದೆಂದು ಸಿಲ್ವಿಯಾ ಮ್ಯೂರ್ ಎಂಬ ವಿದುಷಿ 1987ರಲ್ಲಿ ತೋರಿಸಿದರು. ಗ್ರಂಥಕರ್ತನಾಗಿ ದುಬ್ವಾ ಅವರ ಕೀರ್ತಿ ಇದರಿಂದ ಕುಂದಿತೆಂಬುದು ನಿಜ. ಯಾಜಕನಾಗಿ ಅವರು ಮಾಡಿದ್ದಕ್ಕೆ ಮಾತ್ರ ಇದರಿಂದ ಕುಂದಿಲ್ಲವೆಂದು ನನ್ನ ಎಣಿಕೆ.

1823ರ ಜನವರಿಯಲ್ಲಿ ಅವರು ಭಾರತವನ್ನು ಬಿಟ್ಟರು. ಅದೇ ವರ್ಷ ಪ್ರಕಟವಾದ ಪತ್ರಗಳಲ್ಲಿ, ಇಷ್ಟು ವರ್ಷಗಳ ದುಡಿಮೆಯಲ್ಲಿ ತಾವು ಹೊಸದಾಗಿ ಕ್ರೈಸ್ತರನ್ನಾಗಿ ಮಾಡಿದ್ದು ಇನ್ನೂರು ಮುನ್ನೂರು ಜನರನ್ನು ಮಾತ್ರವೆಂದೂ, ಈ ದೇಶದಲ್ಲಿ ಮತಪ್ರಚಾರವು ಫಲಿಸಲಾರದೆಂದೂ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಇತರ ಮಿಷನರಿಗಳಿಗೆ ಇದು ಹಿಡಿಸಲಿಲ್ಲ. ಪ್ಯಾರಿಸಿಗೆ ಮರಳಿದ ಅವರು 1826ರಲ್ಲಿ ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ತಂದರು. 1836ರಿಂದ 1839ರವರೆಗೆ ತಮ್ಮ ಸಂಸ್ಥೆಯ ಮುಖ್ಯಸ್ಥರಾಗಿದ್ದರು. 1848ರ ಫೆಬ್ರವರಿ 17ರಂದು ತೀರಿಕೊಂಡರು.

ಲೆಕ್ಕದ ಪುಸ್ತಕದ ದೃಷ್ಟಿಯಿಂದ ಇದು ಸೋತ ಬಾಳು. ಆದರೆ ಯಾಜಕತ್ವಕ್ಕೆ ಆ ಲೆಕ್ಕ ಸಲ್ಲದು. ಬಂಗಾರದ ಕರುವನ್ನು ಪೂಜಿಸಿದ ಜನರನ್ನು ದೇವರು ಅಳಿಸಿಹಾಕಲು ಹೊರಟಾಗ, ಅವರೊಡನೆ ತನ್ನ ಹೆಸರನ್ನೂ ಅಳಿಸಿಬಿಡೆಂದು ಮೋಶೆ ಬೇಡಿಕೊಂಡ ಕಥೆ ಬೈಬಲಿನಲ್ಲಿದೆ. ತಪ್ಪಿದವರಿಂದ ದೂರ ಸರಿಯದೆ ಅವರ ಸಾಲಿನಲ್ಲಿಯೇ ನಿಂತು ಬೇಡುವವನೇ ಮಧ್ಯಸ್ಥನು. ಇಂಥವನು ಗುಡಿಯಲ್ಲಿ ಇರಲಿ, ಇಗರ್ಜಿಯಲ್ಲಿ ಇರಲಿ, ನಮ್ಮ ಮನೆಯಲ್ಲಿಯೇ ಇರಲಿ, ಅವನು ಇರುವವರೆಗೆ ಬಿದ್ದವನಿಗೆ ಏಳುವ ದಾರಿಯುಂಟು.