ಬರ್ಲಿನ್‌ನಲ್ಲಿ ಉಪ್ಪು, ಕಾಗೋಡಿನಲ್ಲಿ ಕೊಳಗ

ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ರಾಮಮನೋಹರ ಲೋಹಿಯಾ ಅಂದ್ರೆ ಕಾಗೋಡು ಸತ್ಯಾಗ್ರಹ. 1951ರ ಜೂನ್‌ನಲ್ಲಿ ಸಾಗರಕ್ಕೆ ಬಂದರು, ಗೇಣಿದಾರರ ಜೊತೆ ನಿಂತರು, ಬಂಧನಕ್ಕೊಳಗಾದರು. ಇಷ್ಟು ಬಹಳ ಜನಕ್ಕೆ ಗೊತ್ತು. ಶಾಂತವೇರಿ ಗೋಪಾಲಗೌಡರ ಮಾತು ಬಂದಾಗಲೆಲ್ಲ ಇದೂ ಬರುತ್ತದೆ. ಆದರೆ ಬರ್ಲಿನ್‌ನಲ್ಲಿ ಡಾಕ್ಟರೇಟ್ ಮಾಡಿಕೊಂಡು ಬಂದವರು ಮಲೆನಾಡಿನ ಹಳ್ಳಿಯೊಂದರಲ್ಲಿ ಭತ್ತ ಅಳೆಯುವ ಪಾತ್ರೆಯ ಜಗಳಕ್ಕೆ ಯಾಕೆ ಬಂದರು? ಉತ್ತರದ ಒಂದು ತುದಿ ಅವರು ಬರ್ಲಿನ್‌ನಲ್ಲಿ ಕಳೆದ ಕೊನೆಯ ದಿನಗಳಲ್ಲಿದೆ ಎಂದು ನನಗನಿಸುತ್ತದೆ.

ನಾನಿರುವುದು ಸಕ್ರೆಬೈಲಿನಲ್ಲಿ. ಊರ ಹೆಸರು ಹೇಳಿದರೆ ಹೊರಗಿನವರಿಗೆ ಆನೆ ಬಿಡಾರ ಬಿಟ್ಟು ಬೇರೇನೂ ನೆನಪಾಗುವುದಿಲ್ಲ. ಈಗ ನಮ್ಮ ಕಡೆಯ ಹುಡುಗ ಹುಡುಗಿಯರೂ ಜರ್ಮನಿಗೆ ಓದಲು ಹೋಗ್ತಾರೆ. ಓದು ಮುಗಿಯುತ್ತಾ ಬಂದ ಹಾಗೆ ಮನೆಯವರದು ಒಂದೇ ಪ್ರಶ್ನೆ: ಅಲ್ಲೇ ಕೆಲಸ ಸಿಗುತ್ತಾ, ವಾಪಸ್ ಬರಬೇಕಾ? ಸಾಲ ಮಾಡಿ ಕಳಿಸಿದವರು ಕೇಳಲೇಬೇಕಾದ ಪ್ರಶ್ನೆ ಅದು. 1933ರ ಆರಂಭದಲ್ಲಿ, ವಯಸ್ಸಿನ್ನೂ 23 ತುಂಬದ ಲೋಹಿಯಾ ಎದುರು ಬೇರೆಯದೇ ಪ್ರಶ್ನೆ ಇತ್ತು. ಓದಿದ ಊರೇ ಕಣ್ಣೆದುರು ಬದಲಾಗಿಹೋಗುತ್ತಿತ್ತು.

ಅವರು ಹುಟ್ಟಿದ್ದು 1910ರ ಮಾರ್ಚ್ 23ರಂದು, ಉತ್ತರ ಪ್ರದೇಶದ ಅಕ್ಬರ್‌ಪುರದಲ್ಲಿ. ಚಿಕ್ಕವರಿದ್ದಾಗಲೇ ತಾಯಿ ತೀರಿಕೊಂಡರು. ತಂದೆ ಹೀರಾಲಾಲ್ ಗಾಂಧಿಯ ಅನುಯಾಯಿ. ಕಲ್ಕತ್ತೆಯ ವಿದ್ಯಾಸಾಗರ ಕಾಲೇಜಿನಲ್ಲಿ ಪದವಿ ಮುಗಿಸಿ 1929ರಲ್ಲಿ ಯುರೋಪಿಗೆ ಹೊರಟರು. ಆ ಕಾಲದಲ್ಲಿ ವಿದೇಶದ ಓದು ಅಂದ್ರೆ ಲಂಡನ್, ಆಕ್ಸ್‌ಫರ್ಡ್, ಕೇಂಬ್ರಿಡ್ಜ್. ಲೋಹಿಯಾ ಇಂಗ್ಲೆಂಡಿನಲ್ಲಿ ನಿಲ್ಲದೆ ಬರ್ಲಿನ್‌ಗೆ ಹೋದರು. ಪ್ರಾಧ್ಯಾಪಕರೊಬ್ಬರು ತಮಗೆ ಇಂಗ್ಲಿಷ್ ಬಾರದು ಎಂದದ್ದಕ್ಕೆ ಮೂರೇ ತಿಂಗಳಲ್ಲಿ ಜರ್ಮನ್ ಕಲಿತು ಮತ್ತೆ ಅವರೆದುರು ನಿಂತರು ಎಂಬ ಕಥೆ ಸಮಾಜವಾದಿಗಳ ನಡುವೆ ಇವತ್ತಿಗೂ ಚಾಲ್ತಿಯಲ್ಲಿದೆ. ಕಥೆಯ ವಿವರ ಏನೇ ಇರಲಿ, ಮುಂದೆ ಜೀವನಪೂರ್ತಿ ಆಡಳಿತ ಜನರ ಭಾಷೆಯಲ್ಲೇ ನಡೆಯಬೇಕೆಂದು ಹಟ ಹಿಡಿದವರು ತಾವೇ ಇಂಗ್ಲಿಷ್ ಅಲ್ಲದ ಭಾಷೆಯಲ್ಲಿ ಉನ್ನತ ಶಿಕ್ಷಣ ಪಡೆದಿದ್ದರು ಎಂಬುದು ಸಣ್ಣ ಸಂಗತಿಯಲ್ಲ.

ಸಂಶೋಧನೆಯ ವಿಷಯ ಭಾರತದ ಉಪ್ಪಿನ ತೆರಿಗೆ. 1930ರಲ್ಲಿ ಗಾಂಧಿ ದಂಡಿಗೆ ನಡೆದಾಗ ಇವರು ಬರ್ಲಿನ್‌ನಲ್ಲಿದ್ದರು. ಉಪ್ಪಿನ ತೆರಿಗೆಯ ಮೋಸ ಸರಳವಾದದ್ದು. ಉಪ್ಪು ಎಲ್ಲರಿಗೂ ಬೇಕು. ಬಿಸಿಲಲ್ಲಿ ಬೆವರು ಸುರಿಸುವವನಿಗೆ ತುಸು ಜಾಸ್ತಿಯೇ ಬೇಕು. ತೆರಿಗೆಯ ದರ ಸಾಹುಕಾರನಿಗೂ ಕೂಲಿಯವನಿಗೂ ಒಂದೇ. ನೋಡಲು ಸಮಾನತೆ, ಲೆಕ್ಕ ಹಾಕಿದರೆ ಬಡವನ ಗಳಿಕೆಯಲ್ಲಿ ಹೋಗುವ ಪಾಲು ದೊಡ್ಡದು.

ಅದೇ ವರ್ಷ ಜಿನೀವಾದಲ್ಲಿ ರಾಷ್ಟ್ರಸಂಘದ ಸಭೆ ನಡೆಯಿತು. ಭಾರತದ ಪರವಾಗಿ ಮಾತಾಡಲು ನಿಂತವರು ಬಿಕನೇರ್ ಮಹಾರಾಜರು. ಸತ್ಯಾಗ್ರಹಿಗಳು ಜೈಲಲ್ಲಿದ್ದಾಗ ರಾಜರೊಬ್ಬರು ದೇಶದ ಪ್ರತಿನಿಧಿಯೇ? ಲೋಹಿಯಾ ಪ್ರೇಕ್ಷಕರ ಗ್ಯಾಲರಿಯಿಂದಲೇ ಪ್ರತಿಭಟಿಸಿದರು. ಅವರಿಗಾಗ 20 ವರ್ಷ.

ಬರ್ಲಿನ್ ಆಗ ಎಂಥ ಊರು! ಐನ್‌ಸ್ಟೀನ್ ಇದ್ದ ಊರು. ಅಲ್ಲೇ ನಾಜಿಗಳು ಬೆಳೆಯುತ್ತಿದ್ದರು. 1928ರಲ್ಲಿ ಸಂಸತ್ತಿನಲ್ಲಿ 12 ಸ್ಥಾನವಿದ್ದ ಪಕ್ಷ 1930ರಲ್ಲಿ 107ಕ್ಕೆ ಜಿಗಿಯಿತು. ಇಲ್ಲೊಂದು ಲೆಕ್ಕ ನೋಡಿ. 1932ರ ನವೆಂಬರ್ ಚುನಾವಣೆಯಲ್ಲಿ ನಾಜಿಗಳಿಗೆ ಸಿಕ್ಕಿದ್ದು 196 ಸ್ಥಾನ. ಸೋಷಿಯಲ್ ಡೆಮಾಕ್ರಟರಿಗೆ 121, ಕಮ್ಯುನಿಸ್ಟರಿಗೆ 100. ಇವರಿಬ್ಬರದು ಸೇರಿದರೆ 221. ಆದರೆ ಇವರು ಸೇರಲಿಲ್ಲ. ಪರಸ್ಪರರನ್ನೇ ಮೊದಲ ಶತ್ರು ಎಂದುಕೊಂಡಿದ್ದರು. 1933ರ ಜನವರಿ 30ಕ್ಕೆ ಹಿಟ್ಲರ್ ಚಾನ್ಸಲರ್ ಆದ. ಫೆಬ್ರವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು, ಮರುದಿನವೇ ನಾಗರಿಕ ಹಕ್ಕುಗಳು ರದ್ದಾದವು. ಮೇ 10ರಂದು ಲೋಹಿಯಾ ಓದಿದ ವಿಶ್ವವಿದ್ಯಾಲಯದ ಎದುರಿನ ಚೌಕದಲ್ಲಿ ಪುಸ್ತಕಗಳ ರಾಶಿ ಸುಟ್ಟರು. ಸುಟ್ಟವರಲ್ಲಿ ವಿದ್ಯಾರ್ಥಿಗಳೇ ಮುಂದಿದ್ದರು.

ಡಾಕ್ಟರೇಟ್ ಪಡೆದ ಲೋಹಿಯಾ ಆ ವರ್ಷವೇ ಮರಳಿದರು. ದಾರಿಯಲ್ಲಿ ಸಾಮಾನೆಲ್ಲ ಜಪ್ತಿಯಾಗಿ, ಮದ್ರಾಸಿನಲ್ಲಿ ಹಡಗಿನಿಂದ ಇಳಿದಾಗ ಜೇಬಲ್ಲಿ ಕಾಸಿರಲಿಲ್ಲ, 'ಹಿಂದೂ' ಪತ್ರಿಕೆಯ ಕಚೇರಿಗೆ ಹೋಗಿ ಲೇಖನ ಬರೆದುಕೊಟ್ಟು ಕಲ್ಕತ್ತೆಯ ರೈಲಿಗೆ ದುಡ್ಡು ಹೊಂದಿಸಿಕೊಂಡರು ಎಂದು ಅವರ ಜೀವನ ಬರೆದವರು ಹೇಳುತ್ತಾರೆ. ಮರುವರ್ಷ ಕಾಂಗ್ರೆಸ್ ಸಮಾಜವಾದಿ ಪಕ್ಷ ಕಟ್ಟಿದವರಲ್ಲಿ ಒಬ್ಬರಾದರು. ಆಮೇಲೆ ಕ್ವಿಟ್ ಇಂಡಿಯಾದ ಭೂಗತ ಹೋರಾಟ, ಲಾಹೋರ್ ಕೋಟೆಯ ಸೆರೆ. 1946ರ ಜೂನ್ 18ರಂದು ಗೋವಾದ ಮಡಗಾಂವ್‌ನಲ್ಲಿ ಪೋರ್ಚುಗೀಸರ ವಿರುದ್ಧ ಸಭೆ.

ಈಗ ಕಾಗೋಡಿಗೆ ಬರೋಣ. ಅಲ್ಲಿ ಗೇಣಿ ಮಾಡುತ್ತಿದ್ದವರಲ್ಲಿ ಹೆಚ್ಚಿನವರು ದೀವರು. ಎಚ್. ಗಣಪತಿಯಪ್ಪ ಅವರನ್ನು ರೈತ ಸಂಘದಲ್ಲಿ ಒಟ್ಟುಗೂಡಿಸಿದ್ದರು. ಭೂಮಾಲೀಕರು ಗೇಣಿ ಭತ್ತ ಅಳೆಯುತ್ತಿದ್ದದ್ದು ಮೂರು ಸೇರಿಗಿಂತ ದೊಡ್ಡ ಕೊಳಗದಲ್ಲಿ. ಲೆಕ್ಕದ ಪುಸ್ತಕದಲ್ಲಿ ಕೊಳಗ ಕೊಳಗವೇ. ಕಣದಿಂದ ಹೊರಗೆ ಹೋಗುವ ಭತ್ತ ಮಾತ್ರ ಜಾಸ್ತಿ. ಮೂರು ಸೇರಿನ ಕೊಳಗದಲ್ಲೇ ಅಳೆಯಿರಿ ಅಂದದ್ದಕ್ಕೆ 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ, ಸಾಲುಸಾಲು ಬಂಧನ. ಉಪ್ಪಿನ ತೆರಿಗೆಯ ಲೆಕ್ಕ ಗೊತ್ತಿದ್ದವರಿಗೆ ಈ ಕೊಳಗದ ಲೆಕ್ಕ ಬಿಡಿಸಿ ಹೇಳಬೇಕಾಗಿರಲಿಲ್ಲ. ಎರಡರಲ್ಲೂ ಅಳತೆಯ ಹೆಸರಿನಲ್ಲೇ ಕಳ್ಳತನ. ಎರಡೂ ಕಡೆ ಬಡವ ಮೊದಲು ಕೇಳಬೇಕಾದದ್ದು ದಾನವಲ್ಲ, ಸರಿಯಾದ ಅಳತೆ. ಲೋಹಿಯಾ ಸಾಗರಕ್ಕೆ ಬಂದದ್ದನ್ನು ನಾಯಕರೊಬ್ಬರ ಭೇಟಿ ಅಂತ ನೋಡಿದರೆ ಸಾಲದು, ಬರ್ಲಿನ್‌ನ ಓದಿನ ಮುಂದುವರಿಕೆ ಅದು.

ಬರ್ಲಿನ್‌ನ ಇನ್ನೊಂದು ಪಾಠವನ್ನು ಅವರು ಪೂರ್ತಿ ಪಾಲಿಸಿದರೇ? ಇಲ್ಲಿ ನನಗೆ ತಕರಾರಿದೆ. 221 ಮಂದಿ ಒಡೆದು ಸೋತದ್ದನ್ನು ಹತ್ತಿರದಿಂದ ಕಂಡಿದ್ದವರು 1955ರಲ್ಲಿ ಪ್ರಜಾ ಸಮಾಜವಾದಿ ಪಕ್ಷದಿಂದ ಹೊರಬಂದು ಬೇರೆ ಪಕ್ಷ ಕಟ್ಟಿದರು. ಸಮಾಜವಾದಿಗಳು ಆಮೇಲೂ ಒಡೆಯುತ್ತಲೇ ಹೋದರು. 1960ರ ದಶಕದಲ್ಲಿ ಕಾಂಗ್ರೆಸ್ಸನ್ನು ಇಳಿಸಲು ಎಲ್ಲರೂ ಸೇರಬೇಕೆಂದಾಗ ಆ ಎಲ್ಲರಲ್ಲಿ ಜನಸಂಘವೂ ಇತ್ತು. ಒಗ್ಗಟ್ಟು ಬೇಕು, ನಿಜ. ಯಾರ ಜೊತೆ, ಯಾವ ಬೆಲೆಗೆ ಎಂಬ ಪ್ರಶ್ನೆಯನ್ನು ಅವರು ನಮಗೇ ಬಿಟ್ಟು ಹೋದರು. 1967ರ ಅಕ್ಟೋಬರ್ 12ರಂದು, 57ನೇ ವಯಸ್ಸಿನಲ್ಲಿ, ಶಸ್ತ್ರಚಿಕಿತ್ಸೆಯ ನಂತರ ದೆಹಲಿಯ ವಿಲಿಂಗ್ಡನ್ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಆಸ್ಪತ್ರೆಗೆ ಈಗ ಅವರದೇ ಹೆಸರು.

ಕಾಗೋಡಿನ ಕೂಗು ಕಾನೂನಾಗಲು 1974ರ ಭೂಸುಧಾರಣೆಯವರೆಗೆ ಕಾಯಬೇಕಾಯಿತು. ಅದನ್ನು ನೋಡಲು ಲೋಹಿಯಾ ಇರಲಿಲ್ಲ, 1972ರಲ್ಲಿ ತೀರಿಕೊಂಡ ಗೋಪಾಲಗೌಡರೂ ಇರಲಿಲ್ಲ. ಕೊಳಗ ಈಗ ಅಟ್ಟ ಸೇರಿದೆ. ಆದರೆ ನಾಡಿಗೆ ಬೆಳಕು ಕೊಡಲು ಮನೆ ಗದ್ದೆ ಮುಳುಗಿಸಿಕೊಂಡ ಶರಾವತಿ ಸಂತ್ರಸ್ತರು ನಮ್ಮದೇ ಜಿಲ್ಲೆಯಲ್ಲಿ ಹಕ್ಕುಪತ್ರಕ್ಕಾಗಿ ಇನ್ನೂ ಅಲೆಯುತ್ತಿದ್ದಾರೆ. ಅವರು ಕಳೆದುಕೊಂಡದ್ದೆಷ್ಟು, ಅವರಿಗೆ ಸಿಕ್ಕಿದ್ದೆಷ್ಟು? ಇದೂ ಅಳತೆಯದೇ ಪ್ರಶ್ನೆ. ವಿದೇಶದಲ್ಲಿ ಓದಿ ಬರುವ ನಮ್ಮ ಮಕ್ಕಳಲ್ಲಿ ಒಬ್ಬರಾದರೂ ಈ ಲೆಕ್ಕವನ್ನು ಕೂತು ಬರೆಯಲಿ.